ಸಂಜೀವ ಮಾವನ ಎರಡು ನಡುಕ

ಸಂಜೀವ ಮಾವ ಟೇಪು ಹಿಡಿದು ಅಳತೆ ತೆಗೆದದ್ದನ್ನು ನಾನು ಕಂಡಿಲ್ಲ. ಟೇಪು ಅವರ ಕೊರಳಲ್ಲಿ ಯಾವಾಗಲೂ ನೇತಾಡುತ್ತಿತ್ತು, ಟೈಲರ್ ಎಂದು ಗುರುತು ಸಿಗಲಿಕ್ಕೆ ಮಾತ್ರ. ಕಾಪು ಪೇಟೆಯ ಜವಳಿ ಅಂಗಡಿಯೊಂದರ ಜಗಲಿಯಲ್ಲಿ ಅವರ ಹೊಲಿಗೆ ಮೆಷಿನು. ಬಂದವರಿಗೆ "ಒಮ್ಮೆ ತಿರುಗಿ ನಿಲ್ಲಿ" ಎನ್ನುವರು, ಕಣ್ಣು ಸಣ್ಣ ಮಾಡಿ ನೋಡುವರು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವರು. ಮುಗಿಯಿತು. ಮದುಮಗನ ಶರ್ಟಾದರೆ ಹೊಟ್ಟೆಯ ಹತ್ತಿರ ಎರಡು ಇಂಚು ಸಡಿಲ. ಯಾಕೆಂದು ಕೇಳಿದರೆ, "ಹೆಂಡತಿ ಮನೆಯ ಊಟ ಶುರುವಾಗ್ತದಲ್ಲ ಮಾರಾಯ್ರೆ, ಅದಕ್ಕೆ ಜಾಗ ಬೇಡ್ವಾ?" ಎಂದು ದಾರ ಕಚ್ಚಿ ತುಂಡು ಮಾಡುವರು.

ಅವರು ನನ್ನ ತಾಯಿಯ ತಮ್ಮ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು, ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು; ನಾನೂ ಅಮ್ಮನೂ ಇದ್ದದ್ದು ಅಮ್ಮನ ತವರಿನಲ್ಲೇ, ಮಾವಂದಿರ ಜೊತೆ. ಹಾಗಾಗಿ ಶಾಲೆಯಲ್ಲಿ ಹೆಡ್‌ಮಾಸ್ತರರು ಮನೆಯವರನ್ನು ಕರೆತಾ ಎಂದರೆ ಬರುತ್ತಿದ್ದವರು ಮಾವ. ನಾನು ನರ್ಸಿಂಗ್ ಕಲಿಯುತ್ತೇನೆ ಎಂದಾಗ, ಕಂಡವರ ಮೈ ಮುಟ್ಟುವ ಕೆಲಸ ಹೆಣ್ಣುಮಕ್ಕಳಿಗೆ ಬೇಡ ಎಂದು ಮನೆಯಲ್ಲಿ ಎಲ್ಲರೂ ಮುಖ ತಿರುಗಿಸಿದರು. ಮಾವ ಮಾತ್ರ, "ನಾನು ಮೂವತ್ತು ವರ್ಷದಿಂದ ಕಂಡವರ ಮೈ ನೋಡಿಯೇ ಅನ್ನ ಉಣ್ಣುವುದು. ನನಗೆ ಎಂತ ಆಗಿದೆ?" ಎಂದು ನನ್ನ ಟ್ರಂಕು ಹೊತ್ತು ಮಣಿಪಾಲಕ್ಕೆ ಬಿಟ್ಟು ಬಂದರು. ಆ ಉಪಕಾರಕ್ಕೆ ಪ್ರತಿಯಾಗಿ ನಾನು ಏನು ಮಾಡಿದೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾವನಿಗೆ ಹೊಲಿಗೆಯ ಜೊತೆಗೆ ಇನ್ನೊಂದು ಕೆಲಸವಿತ್ತು. ನಮ್ಮ ಕುಟುಂಬದ ದೈವಕ್ಕೆ ಅವರು ಪಾತ್ರಿ, ಅಂದರೆ ದೈವ ಅವರ ಮೈಮೇಲೆ ಬರುತ್ತಿತ್ತು. ವರ್ಷಕ್ಕೊಮ್ಮೆ ತಂಬಿಲ ಸೇವೆಯ ದಿನ ಬೆಳಿಗ್ಗೆ, ದೈವದ ಕೋಣೆಯ ಎದುರು ಅಂಗಳದಲ್ಲಿ, ಅಡಿಕೆಯ ಹೂಗೊನೆಯಾದ ಹಿಂಗಾರವನ್ನು ಎದೆಗೊತ್ತಿಕೊಂಡು ನಿಲ್ಲುವರು. ಮೊದಲು ಹಿಮ್ಮಡಿ ನಡುಗುವುದು, ಆಮೇಲೆ ಮೊಣಕಾಲು, ಆಮೇಲೆ ಇಡೀ ಮೈ. ಆ ಹೊತ್ತಿನಲ್ಲಿ ಆಡಿದ ಮಾತು ಮಾವನದ್ದಲ್ಲ, ದೈವದ್ದು. ಅದನ್ನು ಮೀರುವ ಧೈರ್ಯ ಕುಟುಂಬದಲ್ಲಿ ಯಾರಿಗೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ಇಳಿದು, ಎಳನೀರು ಕುಡಿಯುತ್ತಾ, "ನಾನು ಎಂತ ಹೇಳಿದ್ದು?" ಎಂದು ನಮ್ಮನ್ನೇ ಕೇಳುವರು.

ನಾನು ಹೈಸ್ಕೂಲಿನಲ್ಲಿದ್ದಾಗ ಮನೆಯ ಯಜಮಾನ ವಾಸು ಮಾವ ನಮ್ಮ ಬಾವಿಗೆ ಬೇಲಿ ಹಾಕಲು ಹೊರಟರು. ವಾಸು ಮಾವ ಎಂದರೆ ಸಂಜೀವ ಮಾವನ ಅಣ್ಣ. ಪಕ್ಕದ ಹುಲ್ಲಿನ ಮನೆಯಲ್ಲಿದ್ದ ಕಮಲಕ್ಕ ನಮಗೆ ದೂರದ ಸಂಬಂಧ, ಗಂಡ ತೀರಿಹೋದವಳು. ಅವಳು ದಿನವೂ ಕೊಡ ಹಿಡಿದು ನಮ್ಮ ಬಾವಿಗೆ ಬರುವುದು ವಾಸು ಮಾವನ ಕಣ್ಣಿಗೆ ಆಗುತ್ತಿರಲಿಲ್ಲ. ಆ ವರ್ಷದ ತಂಬಿಲದಲ್ಲಿ ದೈವ, "ಈ ಬಾವಿಗೆ ಬೇಲಿ ಬಿದ್ದರೆ ನಾನು ಈ ಅಂಗಳಕ್ಕೆ ಬರುವುದಿಲ್ಲ" ಎಂದಿತು. ತಂದಿಟ್ಟ ಕಂಬಗಳು ದನದ ಹಟ್ಟಿಯ ಹಿಂದೆ ಬಿದ್ದು ಗೆದ್ದಲು ತಿಂದವು. ಕಮಲಕ್ಕ ನೀರು ಸೇದುತ್ತಲೇ ಇದ್ದಳು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಮಾವನ ಬಲಗೈ ನಡುಗತೊಡಗಿತು. ವಿಚಿತ್ರವೆಂದರೆ ಕತ್ತರಿ ಹಿಡಿದರೆ ನಡುಕ ನಿಲ್ಲುತ್ತಿತ್ತು. ಕತ್ತರಿ ಕೆಳಗಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟ ಕೂಡಲೇ ಹೆಬ್ಬೆರಳು ತೋರುಬೆರಳು ಸೇರಿ, ಇಲ್ಲದ ಬೀಡಿಯನ್ನು ಸುತ್ತುತ್ತಿದ್ದವು. ಮೊದಮೊದಲು ಜನರಿಗೆ ಭಕ್ತಿ ಬಂತು. ದೈವ ಇವರ ಮೈಯಲ್ಲೇ ನಿಂತಿದೆ ಎಂದು ಮುದುಕಿಯರು ಅಂಗಡಿಯ ಜಗಲಿಗೇ ಬಂದು ಕಾಲು ಹಿಡಿದರು. "ಏಳಿ ಅಮ್ಮ, ಏಳಿ, ನನಗೆ ಗುಂಡಿ ಹಾಕಲಿಕ್ಕುಂಟು" ಎಂದು ಮಾವ ಸಂಕೋಚದಿಂದ ಮುದುಡುತ್ತಿದ್ದರು.

ಆದರೆ ಬಂದ ದೈವ ಇಳಿಯಬೇಕು. ಇಳಿಯದೆ ತಿಂಗಳುಗಟ್ಟಲೆ ನಿಂತದ್ದನ್ನು ಕಂಡು ಭಕ್ತಿ ಹೆದರಿಕೆಯಾಯಿತು. ಪಾತ್ರಿ ಶುದ್ಧ ತಪ್ಪಿದ್ದಾನೆ, ದೈವ ಹಿಂಸೆ ಕೊಡುತ್ತಿದೆ ಎಂದರು. ಕಳ್ಳು ಕುಡಿಯುತ್ತಾನೆ ಎಂದವರೂ ಇದ್ದರು. ಕತ್ತರಿ ಹಿಡಿದರೆ ಸರಿ, ಬಿಟ್ಟರೆ ನಡುಕ, ಎಲ್ಲ ನಾಟಕ ಎಂದವರೂ ಇದ್ದರು. ಮೇ ತಿಂಗಳಲ್ಲಿ ಜಗಲಿಯ ತುಂಬ ರಾಶಿ ಬೀಳುತ್ತಿದ್ದ ಯೂನಿಫಾರ್ಮಿನ ಬಟ್ಟೆ ಆ ವರ್ಷ ಬರಲಿಲ್ಲ. ಮದುವೆಯ ಕರೆಯ ಕಾಗದ ಬರುತ್ತಿತ್ತು, ಹಿಂದೆಯೇ ಒಬ್ಬರು ಬಂದು, "ಸುಂದರಿಯಕ್ಕನನ್ನು ಮಾತ್ರ ಕಳಿಸಿ ಆಯ್ತಾ, ಶುಭಕಾರ್ಯ ಅಲ್ವಾ" ಎಂದು ಹೋಗುತ್ತಿದ್ದರು. ಮಾವನ ಹೆಂಡತಿ ಸುಂದರಿ ಅತ್ತೆಯೂ ಹೋಗುವುದನ್ನು ಬಿಟ್ಟರು. ಮಾವ ತನ್ನ ಶರ್ಟುಗಳಿಗೆಲ್ಲ ಬಲಗಡೆ ಮೊಣಕೈಯುದ್ದದ ಜೇಬು ಹೊಲಿದುಕೊಂಡು ಕೈಯನ್ನು ಅದರೊಳಗೆ ತುರುಕಿ ನಡೆಯತೊಡಗಿದರು.

ನಾನೇ ಅವರನ್ನು ಬಸ್ಸು ಹತ್ತಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವರನ್ನು ವರಾಂಡದಲ್ಲಿ ನಡೆಸಿದರು. ಕಾಗದ ಕೊಟ್ಟು ಹೆಸರು ಬರೆಯಿರಿ ಎಂದರು. ಬರೆದರು. ಮತ್ತೊಮ್ಮೆ ಎಂದರು. ಮೂರನೆಯ ಸಲಕ್ಕೆ ಹೆಸರು ಇರುವೆಯಷ್ಟು ಸಣ್ಣದಾಗಿತ್ತು. "ಇದು ಪಾರ್ಕಿನ್ಸನ್ ಕಾಯಿಲೆ" ಎಂದರು ಡಾಕ್ಟರು. "ಮೆದುಳಿನಲ್ಲಿ ಬೇಕಾದ ಒಂದು ರಸ ಕಡಿಮೆಯಾಗಿದೆ. ಶುರುವಾಗಿ ಎರಡು ಮೂರು ವರ್ಷ ಆಗಿರಬಹುದು. ಯಾರಿಗೂ ಅಂಟುವುದಿಲ್ಲ. ನಿಮ್ಮ ತಪ್ಪೂ ಇಲ್ಲ. ಮಾತ್ರೆಯಲ್ಲಿ ಹಗುರವಾಗ್ತದೆ, ಪೂರ್ತಿ ಹೋಗುವುದಿಲ್ಲ." ನಾನು ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡೆ.

ವಾಪಸು ಬರುವಾಗ ಉಡುಪಿ ದಾಟಿದ ಮೇಲೆ ಮಾವ ಹೇಳಿದರು, "ಮಗಾ, ಇದನ್ನು ಮನೆಯಲ್ಲಿ ಈಗ ಹೇಳಬೇಡ. ತಂಬಿಲಕ್ಕೆ ಎರಡು ತಿಂಗಳು ಉಂಟು. ಮೊದಲು ನಾನು ಹಿಂಗಾರ ಒಪ್ಪಿಸಬೇಕು."

ನಮ್ಮ ಕುಟುಂಬದಲ್ಲಿ ಅದಕ್ಕೊಂದು ಕ್ರಮವಿತ್ತು. ಪಾತ್ರಿಗೆ ವಯಸ್ಸಾದರೆ, ಮೈ ಸೋತರೆ, ತಂಬಿಲದ ದಿನ ಹಿಂಗಾರವನ್ನು ದೈವದ ಹೊಸ್ತಿಲಲ್ಲಿ ತಾನೇ ಇಟ್ಟು, "ಇನ್ನು ನನ್ನಿಂದ ಆಗುವುದಿಲ್ಲ" ಎಂದು ಬಿಡುಗಡೆ ಕೇಳಬೇಕು. ಹಾಗೆ ಒಪ್ಪಿಸಿದವನ ಬಾಯಿಂದ ಹಿಂದೆ ಬಂದ ಮಾತುಗಳೆಲ್ಲ ದೈವದ ಮಾತಾಗಿಯೇ ಉಳಿಯುತ್ತವೆ.

"ಒಪ್ಪಿಸಿದ ಮೇಲೆ ಕಾಯಿಲೆ ನನ್ನದು, ಮಾತು ದೈವದ್ದು" ಎಂದರು ಮಾವ. "ಅದಕ್ಕೆ ಮೊದಲೇ ಹೇಳಿದರೆ ಎರಡೂ ಕಲಸಿ ಹೋಗ್ತದೆ. ಗೊತ್ತಾಯ್ತಲ್ಲ?"

ಗೊತ್ತಾಯಿತು ಎಂದು ತಲೆಯಾಡಿಸಿದೆ. ಗೊತ್ತಾಗಿರಲಿಲ್ಲ. ಎರಡು ವರ್ಷ ನರ್ಸಿಂಗ್ ಓದಿದ್ದೇ ತಡ, ಲೋಕದ ನಾಡಿಯೆಲ್ಲ ನನ್ನ ಬೆರಳಿಗೆ ಸಿಕ್ಕಿದೆ ಎಂಬ ಜಂಬ ನನಗೆ. ಹಿಂಗಾರ, ಹೊಸ್ತಿಲು, ಬಿಡುಗಡೆ, ಇವೆಲ್ಲ ಹಳೆಯ ಕಾಲದವರ ಸಮಾಧಾನಕ್ಕೆ ಎಂದುಕೊಂಡೆ.

ಹದಿನೈದು ದಿನ ಕಳೆದ ಮೇಲೆ ಒಂದು ಭಾನುವಾರ ವಾಸು ಮಾವ ಕುಟುಂಬದವರನ್ನೆಲ್ಲ ಚಾವಡಿಗೆ ಕರೆದರು. ಸಂಜೀವನಿಂದ ಮನೆಗೆ ದೋಷ ಬಂದಿದೆ, ತಂಬಿಲದ ದಿನ ಅವನು ಅಂಗಳಕ್ಕೆ ಇಳಿಯಬಾರದು, ಸಾಧ್ಯವಾದರೆ ಬೇರೆ ಮನೆ ಮಾಡುವುದೇ ಒಳ್ಳೆಯದು ಎಂದು ಒಬ್ಬೊಬ್ಬರೇ ಹೇಳುತ್ತಾ ಹೋದರು. ಮಾವ ಕಂಬಕ್ಕೊರಗಿ, ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೇಳುತ್ತಿದ್ದರು. ಒಬ್ಬ ನನ್ನ ಓರಗೆಯವನು, "ಕಳ್ಳಿನ ವಾಸನೆ ಬರುವುದಿಲ್ಲ, ಅಷ್ಟೆ" ಎಂದು ನಕ್ಕ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಚೀಟಿ ತೆಗೆದು, ಒಂದಕ್ಷರ ಬಿಡದೆ ಓದಿದೆ. "ದೈವದ ಕೋಪವೂ ಅಲ್ಲ, ಕಳ್ಳೂ ಅಲ್ಲ. ಇದು ಬರೀ ಕಾಯಿಲೆ!" ಎಂದೆ. ಗೆದ್ದೆ ಎಂದೇ ಅಂದುಕೊಂಡಿದ್ದೆ.

ವಾಸು ಮಾವ ಮೆತ್ತಗೆ ಕೇಳಿದರು, "ನಡುಗುವ ಕಾಯಿಲೆಯಾ?"

"ಹೌದು."

"ಹಾಗಾದರೆ ಇಷ್ಟು ವರ್ಷ ಅಂಗಳದಲ್ಲಿ ನಡುಗಿದ್ದೂ ಅದೇ ಅಲ್ವಾ?"

"ಅಲ್ಲ, ಶುರುವಾಗಿ ಎರಡು ಮೂರೇ ವರ್ಷ..." ಎಂದು ನಾನು ಹೇಳುವಷ್ಟರಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದ್ದರು. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಮಾವ ನನ್ನ ಕಡೆ ಒಮ್ಮೆ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ.

ಎಂಟು ದಿನದೊಳಗೆ ಬಾವಿಯ ಸುತ್ತ ಹೊಸ ಬೇಲಿ ಬಿತ್ತು. ಕಮಲಕ್ಕ ಅರ್ಧ ಮೈಲಿ ದೂರದ ಪಂಚಾಯತಿ ಬಾವಿಗೆ ಹೋಗತೊಡಗಿದಳು. ನಮ್ಮ ಮನೆಯ ಎದುರಿನದೇ ದಾರಿ. ಒಂದು ದಿನ ಅವಳು ಸೊಂಟದ ಕೊಡವನ್ನು ಇಳಿಸದೆಯೇ ನಿಂತು, "ಸಂಜೀವಣ್ಣ, ಆ ದಿನ ನನ್ನ ನೀರಿನ ಮಾತು ನೀವೇ ಹೇಳಿದ್ದಾ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆ ಮಾತ್ರ ಇತ್ತು. ಮಾವ ಒಳಗೆ ಎದ್ದು ಹೋದರು. ಆ ವರ್ಷದ ತಂಬಿಲಕ್ಕೆ ಬೇರೆ ಪಾತ್ರಿ ಬಂದ. ಅದಕ್ಕೆ ಮೊದಲೇ ಮಾವನೂ ಅತ್ತೆಯೂ ಕಾರ್ಕಳದಲ್ಲಿದ್ದ ಅತ್ತೆಯ ಅಣ್ಣನ ಮನೆಗೆ ಹೊರಟುಹೋದರು. ಮೆಷಿನನ್ನು ಜಗಲಿಯಲ್ಲೇ ಬಿಟ್ಟಿದ್ದರು.

ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದೆ. ತಿಂಗಳಿಗೊಮ್ಮೆ ಉಡುಪಿಯಿಂದ ಮಾತ್ರೆ ತೆಗೆದುಕೊಂಡು ಕಾರ್ಕಳಕ್ಕೆ ಹೋಗುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಪ್ರತಿ ಸಲ ಹೋದಾಗಲೂ ಮಾವ ಇನ್ನಷ್ಟು ಬಗ್ಗಿರುತ್ತಿದ್ದರು. ಹೊಸ್ತಿಲ ಹತ್ತಿರ ಬಂದರೆ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತಿದ್ದರು. ಗಂಜಿಯನ್ನು ಅತ್ತೆಯೇ ಕುಡಿಸಬೇಕಾಗಿತ್ತು. ಆ ಚಾವಡಿಯ ಮಾತನ್ನು ಅವರೂ ಎತ್ತಲಿಲ್ಲ, ನನಗೂ ಎತ್ತುವ ಮುಖವಿರಲಿಲ್ಲ.

ಕೊನೆಯ ಸಲ ಹೋದದ್ದು ಒಂದು ಮಧ್ಯಾಹ್ನ. ಅದಾಗಿ ಮೂರು ವಾರಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋದ ಆ ದಿನ ಅತ್ತೆ ಅಡುಗೆಮನೆಯಲ್ಲಿದ್ದರು. ಮಾವ ಮಂಚದಲ್ಲಿ ಕುಳಿತು, ಪಿಸುಮಾತಿನಷ್ಟೇ ಆಗಿಹೋಗಿದ್ದ ದನಿಯಲ್ಲಿ ಕರೆದರು.

"ಮಗಾ, ನೀನು ಈಗ ಇಂಥವರನ್ನು ತುಂಬ ನೋಡಿರಬಹುದು. ಒಂದು ಕೇಳ್ತೇನೆ. ಅಂಗಳದಲ್ಲಿ ನಡುಗಿದ್ದೂ ಇದೇ ಆಗಿರಬಹುದಾ?"

"ಅಲ್ಲ ಮಾವ" ಎಂದೆ. "ಆಗ ನಿಮಗೆ ಈ ಕಾಯಿಲೆ ಇರಲಿಲ್ಲ. ಇದು ಕೈ ಸುಮ್ಮನೆ ಇದ್ದಾಗ ಬರುವ ನಡುಕ. ಅದು ಬೇರೆ, ಇದು ಬೇರೆ."

ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಕಾಯಿಲೆ ಅಲ್ಲ ಅಂತ ನೀನು ಹೇಳ್ತಿ. ದೈವ ಅಂತ ಹೇಳ್ತಿಯಾ?"

ನನಗೆ ದೈವದಲ್ಲಿ ನಂಬಿಕೆ ಇರಲಿಲ್ಲ. ಅದು ಅವರಿಗೆ ನಾನು ಹುಡುಗಿಯಾಗಿದ್ದಾಗಿನಿಂದ ಗೊತ್ತು. ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು, "ದೈವವೇ ಮಾವ. ಕಮಲಕ್ಕನ ನೀರಿನ ಮಾತು ದೈವದ್ದೇ" ಎಂದೆ.

ಮಾವ ನನ್ನನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಈ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿದುಹೋಗುತ್ತದೆ, ನಗು ಅಳು ಯಾವುದೂ ಹೊರಗೆ ಬರುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಮನೆಯವರಿಗೆ ನಾನು ಹೇಳಿದ್ದೇನೆ, ಮುಖ ನೋಡಿ ಇವರಿಗೆ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ, ಒಳಗೆ ಎಲ್ಲವೂ ಉಂಟು ಎಂದು. ಆ ಮಧ್ಯಾಹ್ನವೂ ನನಗೆ ಅದು ಗೊತ್ತಿತ್ತು. ಆದರೂ ಅವರು ನನ್ನ ಮಾತನ್ನು ನಂಬಿದರೋ ಇಲ್ಲವೋ ಎಂದು ಆ ಮುಖದಲ್ಲಿ ಹುಡುಕುತ್ತಲೇ ಇದ್ದೆ. ಕಾಣಲಿಲ್ಲ.