ನೂರ್ಜಹಾನ್ ಕ್ಯಾಂಟೀನಿನ ಒಂದೇ ಪಿಚ್ಚರ್

ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ನನ್ನ ಅಂಗಡಿ. ತಾಡಪತ್ರಿ, ಹಗ್ಗ, ಗಂಬೂಟು ಮಾರುತ್ತೇನೆ. ಕಾಡಿನ ಊರುಗಳಿಂದ ಉಪ್ಪಾಗೆಯ ಹುಳಿ ಸಿಪ್ಪೆ, ಜೇನು ಕೊಳ್ಳುತ್ತೇನೆ. ಎದುರಿಗೆ ನೂರ್ಜಹಾನಳ ಕ್ಯಾಂಟೀನು. ಲಾರಿಯವರು ಅಲ್ಲಿ ನಿಲ್ಲುವುದು ಚಹಾದ ಆಸೆಗೆ. ಟೀವಿಯ ಆಸೆಗಂತೂ ಖಂಡಿತ ಅಲ್ಲ. ಆ ಟೀವಿಯಲ್ಲಿ ವರ್ಷವಿಡೀ ಓಡುವುದು ಒಂದೇ ಪಿಚ್ಚರ್.

ಗುರುತಿಲ್ಲದ ಕಾಡಿನಲ್ಲಿ ಸಿಕ್ಕಿಬಿದ್ದ ಸೈನಿಕರ ಕತೆ ಅದು. ಕಾಡು ಬಲ್ಲ ಶತ್ರುಗಳು ಅವರನ್ನು ಒಬ್ಬೊಬ್ಬರನ್ನಾಗಿ ಬೇಟೆಯಾಡುತ್ತಾರೆ. ಮಾತಾಡಿದವನು ಸತ್ತ, ಕೆಮ್ಮಿದವನೂ ಸತ್ತ. ಕೊನೆಗೆ ಕಾಲಿಗೆ ಗುಂಡು ಬಿದ್ದ ಒಬ್ಬ ಮಾತ್ರ ತುಟಿ ಬಿಚ್ಚದೆ, ಹಳ್ಳದ ನೀರಲ್ಲೇ ಕಾಲೆಳೆದುಕೊಂಡು ಗಡಿ ದಾಟುತ್ತಾನೆ.

"ಚಾಚೀ, ಒಂದು ಹಾಡಿನ ಪಿಚ್ಚರ್ ಹಾಕ್ರಿ. ಆ ಸೈನಿಕನಿಗೆ ಪಿಂಚಣಿ ವಯಸ್ಸಾತು," ಎಂದು ಡ್ರೈವರ್ ಶಾಕಿರ್ ಗೋಳಿಡುತ್ತಿದ್ದ.

"ಮೊದ್ಲು ಅವ ಗಡಿ ದಾಟ್ಲಿ."

"ದಿನಾ ದಾಟ್ತಾನಲ್ರಿ!"

"ನೀ ದಿನಾ ಚಾ ಕುಡೀತಿ. ಬ್ಯಾಸರಾತೇನು?"

ಅವಳ ಗಂಡ ಅಲ್ಲಾವುದ್ದೀನನಿಗೆ ಸ್ವಂತ ಲಾರಿ ಮತ್ತು ಸಕ್ಕರೆ ಕಾಯಿಲೆ. ಎರಡನ್ನೂ ಅವನು ಒಂದೇ ಉಡಾಫೆಯಲ್ಲಿ ಓಡಿಸುತ್ತಿದ್ದ. ಇನ್ಸುಲಿನ್ ಬಾಟಲಿ ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟುಗಳ ನಡುವೆ ಇರುತ್ತಿತ್ತು. ಅವನ ಲಾರಿ ತಿರುವಿನಲ್ಲಿ ಹಾರ್ನ್ ಹೊಡೆಯಿತೆಂದರೆ, ಇನ್ನೂ ಬ್ರೇಕ್ ಹಾಕುವ ಮೊದಲೇ ನೂರ್ಜಹಾನ್ ಅಡುಗೆಮನೆಯತ್ತ ಕೂಗುತ್ತಿದ್ದಳು: "ಒಂದ್ ಚಾ! ಸಕ್ರಿ ಇಲ್ದೇ!" ಆ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಬಸ್ಸು ಕಾಯುವವರಿಗೂ ಅಲ್ಲಾವುದ್ದೀನನ ಕಾಯಿಲೆ ಗೊತ್ತಿತ್ತು.

ಹೋದ ಮಳೆಗಾಲದಲ್ಲಿ ಅವನು ಅಂಕೋಲೆಯಿಂದ ಬರುತ್ತಿದ್ದಾಗ ಘಟ್ಟ ಕುಸಿಯಿತು. ಲಾರಿಯ ಹಿಂದೆಯೂ ಮಣ್ಣು, ಮುಂದೆಯೂ ಮಣ್ಣು. ನಡುವೆ ಹತ್ತಾರು ಲಾರಿಗಳು. ಮರುದಿನ ಬೆಳಿಗ್ಗೆ ನೂರ್ಜಹಾನಳಿಗೆ ಅವನ ಫೋನ್ ಬಂತು. "ಔಷಧ ಫ್ರಿಜ್ಜಿನಾಗೇ ಉಳದೈತಿ. ನಿನ್ನೆಯಿಂದ ಸೂಜಿ ಇಲ್ಲ," ಎಂದದ್ದಷ್ಟೇ, ಫೋನ್ ಕಟ್ಟಾಯಿತು. ಮಣ್ಣು ತೆಗೆಯುವ ಯಂತ್ರ ಬಂದು ರಸ್ತೆ ತೆರೆಯುವುದು ನಾಡಿದ್ದು ಎಂದು ಪೊಲೀಸರು ಹೇಳಿದರು. ಅಲ್ಲಿಯವರೆಗೆ ಅವನ ದೇಹ ಕಾಯುತ್ತದೆಯೇ ಎಂಬುದನ್ನು ಹೇಳಲು ಅವರ ಬಳಿ ಯಂತ್ರವಿರಲಿಲ್ಲ.

ನೂರ್ಜಹಾನ್ ಫ್ಲಾಸ್ಕಿನಲ್ಲಿ ಐಸು ತುಂಬಿ, ಬಾಟಲಿ, ಸೂಜಿ ಎರಡನ್ನೂ ಅದರೊಳಗಿಟ್ಟುಕೊಂಡು ನೇರ ನನ್ನ ಅಂಗಡಿಗೆ ಬಂದಳು.

"ಹೆಗಡೇರೆ, ಗಂಬೂಟು ತೆಗೀರಿ."

"ಯಾವ ಸೈಜು?"

"ನಂದೊಂದು. ಆಮೇಲೆ ನಿಮ್ದೊಂದು."

ಘಟ್ಟದ ಕೆಳಗಿನ ಹಳೇ ಗಾಡಿ ದಾರಿ ನನಗೆ ಗೊತ್ತೆಂಬುದು ಅವಳಿಗೆ ಗೊತ್ತಿತ್ತು. ಉಪ್ಪಾಗೆ ಕೊಳ್ಳಲು ನಾನು ಓಡಾಡಿದ ದಾರಿ. ಮೊಣಕಾಲು ನೋವು ಎಂದೆ.

"ಪಿಚ್ಚರಿನವನಿಗೆ ಗುಂಡೇ ಬಿದ್ದಿತ್ರಿ."

ಗಿರಾಕಿಯ ಮುಂದೆ ನಾನು ಸೋತದ್ದು ಅಪರೂಪ. ಅಂದು ಸೋತೆ. ದಾರಿ ಶುರುವಾಗುವ ಹಳ್ಳಿಯವರೆಗೆ ಶಾಕಿರ್ ಜೀಪಿನಲ್ಲಿ ಬಿಟ್ಟ; ಮುಂದೆ ನಾವಿಬ್ಬರೇ.

ದಾರಿ ಬಲ್ಲವನು ನಾನಾದರೂ ಅವಳು ಮುಂದೆ, ನಾನು ಹಿಂದೆ. ಬಾಯಿ ತೆರೆದರೆ ಸಾಕು, ತುಟಿಯ ಮೇಲೆ ಬೆರಳಿಟ್ಟು "ಶ್!" ಎನ್ನುತ್ತಿದ್ದಳು. ಒಳ್ಳೆಯ ದಾರಿ ಪಕ್ಕದಲ್ಲೇ ಇದ್ದರೂ ಹಳ್ಳದ ನೀರಿಗಿಳಿದು ನಡೆದಳು.

"ನೀರಲ್ಲಿ ಯಾಕೆ, ನೂರಕ್ಕ?"

"ಹೆಜ್ಜೆ ಗುರುತು ಸಿಗಬಾರ್ದು."

"ಯಾರಿಗೆ? ನಮ್ಮ ಬೆನ್ನು ಹತ್ತಿದ್ದು ರಕ್ತ ಹೀರೋ ಉಂಬಳ ಮಾತ್ರ!"

"ಶ್!"

ಹೆದರಿಕೆಗೆ ಒಂದು ರೂಪ ಬೇಕಿತ್ತೋ ಏನೋ, ಅವಳು ಪಿಚ್ಚರಿನದ್ದನ್ನೇ ತೊಟ್ಟುಕೊಂಡಿದ್ದಳು. ಎರಡು ಸಲ ಜಾರಿ ಬಿದ್ದಳು. ಎರಡೂ ಸಲ ಮೊದಲು ಮೇಲೆದ್ದದ್ದು ಫ್ಲಾಸ್ಕು ಹಿಡಿದ ಕೈ. ಸ್ವಲ್ಪ ಕೂರೋಣ ಎಂದರೆ ತಲೆಯಾಡಿಸಿ ಮುಂದೆ ನಡೆಯುತ್ತಿದ್ದಳು.

ಒಂದು ಕಡೆ ದಾರಿಯೇ ಮುಗಿಯಿತು. ಗುಡ್ಡದ ಮಣ್ಣು ಮರಗಳ ಸಮೇತ ಇಳಿದು ಗಾಡಿ ದಾರಿಯನ್ನು ನುಂಗಿತ್ತು. ಹೆದ್ದಾರಿ ಮೇಲೆಲ್ಲೋ ಇರಬೇಕು. ಎಡಕ್ಕೋ ಬಲಕ್ಕೋ ಮಂಜಿನಲ್ಲಿ ತಿಳಿಯಲಿಲ್ಲ. ತಪ್ಪು ಕಡೆ ಹತ್ತಿದರೆ ಕತ್ತಲಾಗುತ್ತದೆ. ಅವಳು ಫ್ಲಾಸ್ಕು ಅಲ್ಲಾಡಿಸಿ ನೋಡಿದಳು. ಐಸು ನೀರಾಗಿತ್ತು.

"ನೂರಕ್ಕ, ಈಗ ನಾನು ಮಾತಾಡಲೇಬೇಕು," ಎಂದೆ. "ನಿಮ್ಮ ಸೈನಿಕನ್ನ ಹುಡುಕಿದೋರು ಕೊಲ್ಲೋಕೆ ಬಂದಿದ್ರು. ಇಲ್ಲಿ ಹುಡುಕೋರು ನಾವು. ನಾವೇ ಬಾಯಿ ಮುಚ್ಕೊಂಡ್ರೆ ಅಲ್ಲಾವುದ್ದೀನನಿಗೆ ಗೊತ್ತಾಗೋದು ಹೆಂಗೆ?"

ಅವಳು ನನ್ನನ್ನು ದಿಟ್ಟಿಸಿದಳು. ನಾನು ಬಾಯಿಗೆ ಕೈಯಿಟ್ಟು ನಮ್ಮ ಕಡೆಯ ಪದ್ಧತಿಯಂತೆ "ಕೂ" ಹೊಡೆದೆ. ಒಂದು ಮಂಗ ಉತ್ತರ ಕೊಟ್ಟಿತು. ಮತ್ತೆ ಹೊಡೆದೆ. ಮಂಗ ಕೂಡ ಬೇಸತ್ತಿತು.

"ಸಾಕು ಬಿಡ್ರಿ. ಕಾಡಿನಾಗೆ ಕೂ ಅಂದ್ರೆ ಅಂವಾ ತನ್ನನ್ನ ಕರದ್ರು ಅಂತ ಯಾಕ ತಿಳೀತಾನ?" ಎಂದಳು. ಫ್ಲಾಸ್ಕನ್ನು ನನ್ನ ಕೈಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಡ್ಡಕ್ಕೆ ಮುಖ ಮಾಡಿ ನಿಂತಳು.

"ಒಂದ್ ಚಾ! ಸಕ್ರಿ ಇಲ್ದೇ!"

ಏನೂ ಇಲ್ಲ. ನೀರಿನ ಸದ್ದು ಮಾತ್ರ.

"ಒಂದ್ ಚಾ! ಸಕ್ರಿ ಇಲ್ದೇ!"

ಕೊರಳ ನರ ಉಬ್ಬಿತ್ತು. ಧ್ವನಿ ಒಡೆದಿತ್ತು. ಆದರೂ ಮತ್ತೊಮ್ಮೆ ಕೂಗಿದಳು. ಆಗ ಎಡಗಡೆ, ನಾನು ಅಂದುಕೊಂಡಿದ್ದಕ್ಕಿಂತ ಬಹಳ ಹತ್ತಿರದಲ್ಲಿ, ಹಾರ್ನ್ ಕೇಳಿತು. ಒಂದು ಉದ್ದ, ಎರಡು ಗಿಡ್ಡ. ಕ್ಯಾಂಟೀನಿನ ತಿರುವಿನ ಹಾರ್ನು.

ಬೇರು ಹಿಡಿದು, ಮೊಣಕಾಲೂರಿ ಹತ್ತಿದೆವು. ಮೇಲಿದ್ದ ಲಾರಿಯವರು ಹಗ್ಗ ಇಳಿಬಿಟ್ಟು ಎಳೆದುಕೊಂಡರು. ಹಗ್ಗ ನನ್ನ ಅಂಗಡಿಯದ್ದೇ, ಗಟ್ಟಿಯಿತ್ತು.

ಅಲ್ಲಾವುದ್ದೀನ್ ಕ್ಯಾಬಿನ್ನಿನಲ್ಲಿ ಒರಗಿದ್ದ. ತುಟಿ ಒಣಗಿ ಬಿರಿದಿತ್ತು, ಉಸಿರು ಜೋರಾಗಿತ್ತು, ಒಂದು ಕೈ ಇನ್ನೂ ಹಾರ್ನಿನ ಮೇಲಿತ್ತು. ಕಣ್ಣು ಅರ್ಧ ತೆರೆದು ಹೆಂಡತಿಯನ್ನು ನೋಡಿದ.

"ಕೂಗಿದ್ದು ಕೇಳ್ತು," ಎಂದ. "ಚಾ ಎಲ್ಲಿ?"

"ಮೊದ್ಲು ಅಂಗಿ ಎತ್ರಿ," ಎಂದಳು ನೂರ್ಜಹಾನ್, ಸೂಜಿಗೆ ಔಷಧ ಎಳೆಯುತ್ತ.

ಸಂಜೆಯ ಹೊತ್ತಿಗೆ ಅವನು ಎದ್ದು ಕೂತು, ಪಕ್ಕದ ಲಾರಿಯವರು ಕೊಟ್ಟ ಗಂಜಿ ಕುಡಿದ. ಅದು ಗಂಟಲಿನಿಂದ ಸರಿಯಾಗಿ ಇಳಿಯುವುದನ್ನು ನೋಡಿದ ಮೇಲೆಯೇ ಅವಳು ಬೈಯಲು ಶುರು ಮಾಡಿದ್ದು. ಫ್ರಿಜ್ಜು, ಮರೆವು, ಮದುವೆ, ಎಲ್ಲವೂ ಬಂತು. ಕಾಡಿಡೀ ಹಿಡಿದಿಟ್ಟ ಮಾತು. ಸಾಲಿನ ಕೊನೆಯ ಲಾರಿಯವನೂ ಇಳಿದು ಬಂದು ಕೇಳಿದ.

"ಶ್!" ಎಂದೆ ನಾನು.

ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ.