ಕಿರುಬೆರಳಿನ ಕೆಲಸ

ಅವನ ಅಂಗಡಿಗೆ ಒಂದು ಬೋರ್ಡಿದೆ, ಆದರೆ ಅದರಲ್ಲಿರುವ ಹೆಸರನ್ನು ಯಾರೂ ಓದಿದಂತಿಲ್ಲ. ಬೀದಿಗೆಲ್ಲ ಅವನು ತಟ್ಟಪ್ಪ. ರೇಡಿಯೋ ಬರಲಿ, ಮಿಕ್ಸಿ ಬರಲಿ, ನಿಂತುಹೋದ ಗೋಡೆ ಗಡಿಯಾರವೇ ಬರಲಿ, ಅವನು ಮೊದಲು ಸ್ಕ್ರೂಡ್ರೈವರ್ ಎತ್ತಿಕೊಂಡವನಲ್ಲ. ಹಳೆಯ ಪೇಂಟ್ ಬ್ರಶ್ಶಿನ ಮರದ ಹಿಡಿಯೊಂದು ಅವನ ಕಿವಿಯ ಮೇಲೆ ಸದಾ ಕೂತಿರುತ್ತದೆ. ಅದರಿಂದ ಟಕ್ ಟಕ್ ಎಂದು ಅಲ್ಲಲ್ಲಿ ತಟ್ಟುತ್ತಾನೆ, ತಲೆ ವಾರೆ ಮಾಡಿ ಕೇಳುತ್ತಾನೆ. ತಟ್ಟಿದಾಗ ಎಲ್ಲಿ ಸದ್ದು ತಡವರಿಸುತ್ತದೋ ಅಲ್ಲಿ ಬೆಸುಗೆ ಬಿಟ್ಟಿದೆ ಎಂದೇ ಲೆಕ್ಕ.

ಎಷ್ಟೋ ಸಲ ತಟ್ಟಿದ್ದಕ್ಕೇ ಯಂತ್ರ ಸರಿಹೋಗುತ್ತದೆ. ಆಗ ಗಿರಾಕಿಗಳು, "ನಿನ್ನ ಕೈಗುಣ ಕಣಯ್ಯಾ!" ಎಂದು ಹೊಗಳಿ ಹೋಗುತ್ತಾರೆ. "ಅಯ್ಯೋ, ಹಾಗೇನಿಲ್ಲ" ಎಂದು ಅವನ ಬಾಯಿ ಹೇಳುತ್ತದೆ. ಮೀಸೆ ಮಾತ್ರ ಒಪ್ಪುವುದಿಲ್ಲ, ತುಸು ಮೇಲೇರುತ್ತದೆ. ಅದೇ ಅಂಗಡಿಯ ಅರ್ಧದಲ್ಲಿ ಜೆರಾಕ್ಸ್ ಯಂತ್ರ ಇಟ್ಟುಕೊಂಡಿರುವ ಅವನ ಹೆಂಡತಿ ಇದನ್ನೆಲ್ಲ ಕಡೆಗಣ್ಣಿನಲ್ಲಿ ನೋಡುತ್ತಾಳೆ. "ಮನೆ ಬಚ್ಚಲಿನ ನಲ್ಲಿ ಸೋರ್ತಾನೇ ಇದೆ. ಆ ಕೈಗುಣ ಸ್ವಲ್ಪ ಅಲ್ಲಿಗೂ ತನ್ನಿ" ಎನ್ನುತ್ತಾಳೆ.

ಇಂಥ ತಟ್ಟಪ್ಪನ ಕೈಗುಣಕ್ಕೆ ಕಂಟಕ ಬಂದದ್ದು ಸ್ವಂತ ಅತ್ತೆಯಿಂದಲೇ.

ಅತ್ತೆ ಒಂದು ಬೆಳಿಗ್ಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಎಲೆಕ್ಟ್ರಿಕ್ ಗಿಟಾರನ್ನು ಎಳೆಗೂಸಿನಂತೆ ಎತ್ತಿಕೊಂಡು ಬಂದರು. ಅದು ಮಾವನದು. ಮಾವ ಹಗಲೆಲ್ಲ ಪ್ರೆಸ್ಸಿನಲ್ಲಿ ದುಡಿದು, ಭಾನುವಾರ ಸಂಜೆ ಬೀದಿ ಕೊನೆಯ ಹಾಲ್‌ನಲ್ಲಿ ಗೆಳೆಯರ ಜೊತೆ ನುಡಿಸುತ್ತಿದ್ದವರು. ಹೋದ ವರ್ಷ ತೀರಿಕೊಂಡರು. ಈಗ ಗೆಳೆಯರೆಲ್ಲ ಸೇರಿ ಅವರ ನೆನಪಿಗೆ ಬರುವ ಭಾನುವಾರ ಒಂದು ಸಂಜೆ ಇಟ್ಟುಕೊಂಡಿದ್ದರು. ಮಾವನೇ ಕಟ್ಟಿದ ಟ್ಯೂನೊಂದಿತ್ತು, ಅದು ಪೂರ್ತಿಯಾಗಿ ಬರುತ್ತಿದ್ದದ್ದು ಅತ್ತೆಯೊಬ್ಬರಿಗೇ. ಅಡುಗೆಮನೆಯ ಮೇಜಿನ ಮುಂದೆ ಅವರಿಗೆ ಗಿಟಾರ್ ಕಲಿಸಿದ್ದು ಮಾವನೇ. ಆದರೆ ಅತ್ತೆ ಒಮ್ಮೆಯೂ ವೇದಿಕೆ ಹತ್ತಿದವರಲ್ಲ.

"ನಾನು ನುಡಿಸ್ತೀನಿ ಅಂದ್ಬಿಟ್ಟಿದ್ದೀನಿ ಅಳಿಯಂದ್ರೆ. ಇದು ನೋಡಿದ್ರೆ ಕರಕರ ಅನ್ನುತ್ತೆ, ಮಧ್ಯೆ ಮಧ್ಯೆ ಉಸಿರೇ ನಿಲ್ಲಿಸುತ್ತೆ, ಇಲ್ಲಾಂದ್ರೆ ಗೊಂಯ್ ಅಂತ ಕೂಗುತ್ತೆ. ಅವರ ತಂಡದ ಕೀಬೋರ್ಡಿನವನು ಬೇರೆ, 'ತೊಂದರೆ ಯಾಕಮ್ಮಾ, ನನ್ನ ಕೀಬೋರ್ಡಲ್ಲೇ ಗಿಟಾರ್ ಸೌಂಡಿದೆ, ಒಂದು ಬಟನ್ ಒತ್ತಿದ್ರೆ ಆಯ್ತು' ಅಂತಾನೆ!"

"ಬಟನ್ ಅಂತೆ ಬಟನ್" ಎಂದು ತಟ್ಟಪ್ಪ ತೋಳೇರಿಸಿದ.

ಕರಕರ ಎನ್ನುತ್ತಿದ್ದದ್ದು ವಾಲ್ಯೂಮ್ ತಿರುಗಿಸುವ ಗುಬ್ಬಿಯೊಳಗಿನ ಧೂಳು. ಕ್ಲೀನರ್ ಸ್ಪ್ರೇ ಹೊಡೆದು ಗುಬ್ಬಿಯನ್ನು ಅತ್ತಿತ್ತ ತಿರುವಿದ, ಹೋಯಿತು. ಉಸಿರು ನಿಲ್ಲುತ್ತಿದ್ದದ್ದು ವೈರ್ ಚುಚ್ಚುವ ಜ್ಯಾಕ್ ಸಡಿಲಾಗಿ. ತಟ್ಟಿ ಪತ್ತೆ ಹಚ್ಚಿದ, ಹೊಸದಾಗಿ ಬೆಸೆದ, ಅದೂ ಹೋಯಿತು. ಆಮೇಲೆ ಗಿಟಾರನ್ನು ತೊಡೆಯ ಮೇಲಿಟ್ಟು, ಗುಬ್ಬಿ ಹಿಡಿದು ಟೊಂಯ್ ಎನಿಸಿ ನೋಡಿದ. ಗೊಂಯ್ ಸದ್ದಿನ ಸುಳಿವೇ ಇಲ್ಲ. ಮೀಸೆ ಮೇಲೇರಿತು.

ಸಂಜೆಗೆ ಅತ್ತೆಯ ಫೋನು. "ಗೊಂಯ್ ಅಂತಿದೆ."

ಮರುದಿನ ಅಂಗಡಿಗೆ ತಂದರು. ಇವನು ಹಿಡಿದ, ಗಪ್‌ಚಿಪ್. ಮನೆಗೊಯ್ದರು, ಗೊಂಯ್. ಇದು ಗಿಟಾರಿನ ದೋಷವಲ್ಲ, ಮನೆಯ ದೋಷ ಎಂದು ಅವನು ಘಂಟಾಘೋಷವಾಗಿ ಸಾರಿ, ಹೆಂಡತಿಯೊಡನೆ ಅತ್ತೆಯ ಮನೆಗೇ ಹೋದ. ಟ್ಯೂಬ್‌ಲೈಟ್ ಆರಿಸಿದ, ಫ್ಯಾನ್ ನಿಲ್ಲಿಸಿದ, ಫ್ರಿಜ್ಜಿನ ಪ್ಲಗ್ ಕಿತ್ತ. ಅದರೊಳಗಿದ್ದ ಐಸ್‌ಕ್ರೀಮ್ ಪಾಯಸವಾಯಿತು. ಬೆವರೊರೆಸಿಕೊಳ್ಳುತ್ತ ಎಲ್ಲರೂ ಕಿವಿಗೊಟ್ಟು ಕೂತರು. ಅತ್ತೆ ತಂತಿ ಮುಟ್ಟಿದರು.

ಗೊಂಯ್ಯ್ಯ್.

"ಕೊಡಿ ಇಲ್ಲಿ" ಎಂದು ಇವನು ತೆಗೆದುಕೊಂಡ. ಸದ್ದು ಅಡಗಿತು.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಬಿಡಿ ಅಳಿಯಂದ್ರೆ. ನನ್ನ ಕೈಯೇ ಸರಿ ಇಲ್ಲ. ಅವರಿಗೂ ಅದು ಗೊತ್ತಿತ್ತು. ಅಷ್ಟು ವರ್ಷ ಕಲಿಸಿದ್ರು, ಒಂದು ದಿನಾನೂ ಆ ಗುಬ್ಬಿ ಮುಟ್ಟೋಕೆ ಬಿಡಲಿಲ್ಲ. 'ತಂತಿ ನಿಂದು, ಗುಬ್ಬಿ ನಂದು' ಅಂತ ತಾವೇ ತಿರುಗಿಸೋರು. ನಾನು ಕೆಡಿಸ್ತೀನಿ ಅಂತ ಭಯ ಅವರಿಗೆ. ಆ ಕೀಬೋರ್ಡಿನವನಿಗೇ ಹೇಳ್ತೀನಿ, ಅವನೇ ನುಡಿಸ್ಲಿ."

ತಟ್ಟಪ್ಪನಿಗೆ ತನ್ನ ಕೈಗುಣದ ಹೊಗಳಿಕೆಯೆಲ್ಲ ಆ ಕ್ಷಣ ಬೇಡವಾಯಿತು. ಅತ್ತೆಯ ಕೈಯಲ್ಲಿ ಸರಿಹೋಗದ ಗಿಟಾರು ತನ್ನ ಕೈಯಲ್ಲಿ ಸರಿಹೋಗಿ ಯಾರಿಗೇನು ಲಾಭ?

ಕತ್ತಲಲ್ಲಿ ಬಾಗಿಲಿಗೊರಗಿ ನಿಂತಿದ್ದ ಹೆಂಡತಿ ಆಗ ಬಾಯಿಬಿಟ್ಟಳು. "ರೀ, ಅಂಗಡೀಲೂ ನೋಡ್ತಿದ್ದೆ. ನೀವು ಅದನ್ನ ಹಿಡಿದಾಗಲೆಲ್ಲ ಗುಬ್ಬಿ ಪಕ್ಕದ ಸ್ಟೀಲ್ ತಗಡಿನ ಮೇಲೆ ಕೈ ಊರಿರ್ತೀರಿ. ಎತ್ತಿ ನೋಡೋಣ."

ಎತ್ತಿದ. ಗೊಂಯ್. ಊರಿದ. ಮೌನ. ಎತ್ತಿದ. ಗೊಂಯ್.

"ಸಿಕ್ತು ನಿಮ್ಮ ಕೈಗುಣ" ಎಂದಳು ಹೆಂಡತಿ.

ಇಷ್ಟು ವರ್ಷದ ಕಸುಬಿನಲ್ಲಿ, ಸರಿಮಾಡಿದ್ದನ್ನು ತಾನೇ ನಡೆಸಿ ನೋಡಿ ಮೆಚ್ಚಿಕೊಂಡನೇ ಹೊರತು ಗಿರಾಕಿಯ ಕೈಗೆ ಕೊಟ್ಟು ನೋಡಿದವನಲ್ಲ. ನಾಚಿಕೆಯೂ ಆಯಿತು, ನಗುವೂ ಬಂತು. ಅತ್ತೆ ಮಾತ್ರ ನಗಲಿಲ್ಲ.

"ಅವರೂ ಹಾಗೇ ಹಿಡೀತಿದ್ರು," ಎಂದರು ನಿಧಾನವಾಗಿ. "ತಾವು ನುಡಿಸುವಾಗ್ಲೂ, ನನಗೆ ಕಲಿಸೋಕೆ ಪಕ್ಕದಲ್ಲಿ ಕೂತಾಗ್ಲೂ ಕಿರುಬೆರಳು ಆ ತಗಡಿನ ಮೇಲೆ. 'ಏನ್ರೀ ಅದು, ಬಿದ್ದುಹೋಗುತ್ತೆ ಅಂತ ಹಿಡ್ಕೊಂಡಿದ್ದೀರಾ?' ಅಂತ ಗೇಲಿ ಮಾಡ್ತಿದ್ದೆ. ಸ್ಟೈಲು ಅನ್ನೋರು."

ತಟ್ಟಪ್ಪ ಲೈಟು ಹಾಕಿ, ಕೊನೆಗೂ ಸ್ಕ್ರೂಡ್ರೈವರ್ ಎತ್ತಿಕೊಂಡ. ತಂತಿಗಳು ಬಂದು ಕೂರುವ ಲೋಹದ ಪಟ್ಟಿಯ ಕೆಳಗೆ ಒಂದು ಸಣ್ಣ ವೈರ್ ಇರಬೇಕು. ಅದು ತಂತಿಗಳನ್ನು ಒಳಗಿನ ಅರ್ತಿಂಗಿಗೆ ಸೇರಿಸುತ್ತದೆ. ಆಗ ನುಡಿಸುವವರು ತಂತಿ ಮುಟ್ಟಿದರೆ ಸಾಕು, ಗೊಂಯ್ ಸದ್ದು ತಾನಾಗಿ ಅಡಗುತ್ತದೆ. ವೈರ್ ಇತ್ತು. ಆದರೆ ಎರಡು ತುಂಡಾಗಿತ್ತು. ಎರಡೂ ತುದಿಗೆ ಅಚ್ಚುಕಟ್ಟಾಗಿ ಟೇಪ್ ಸುತ್ತಿತ್ತು.

"ಅತ್ತೆ, ಇದು ತಾನಾಗಿ ಕಿತ್ತುಹೋದದ್ದಲ್ಲ. ಬೇಕಂತಲೇ ಕತ್ತರಿಸಿದ್ದಾರೆ."

"ಅವರು ಕತ್ತರಿಸ್ತಾರಾ? ಯಾಕೆ?"

"ತಂತಿ ಮುಟ್ಟಿದ್ರೆ ಶಾಕ್ ಹೊಡೆಯೋ ಹಾಗಿದ್ರೆ ಕೆಲವರು ಹೀಗೆ ಮಾಡ್ತಾರೆ. ಇದನ್ನ ಕತ್ತರಿಸಿದ್ರೆ ಆ ಶಾಕ್ ತಂತಿವರೆಗೂ ಬರಲ್ಲ. ಆದ್ರೆ ತಗಡು, ಗುಬ್ಬಿ ಅಲ್ಲೆಲ್ಲ ಹಾಗೇ ಇರುತ್ತೆ. ಮಾವನಿಗೇನಾದ್ರೂ ಶಾಕ್ ಹೊಡೆದಿತ್ತಾ?"

ಅತ್ತೆ ಆ ಟೇಪಿನ ಮೇಲೆ ಬೆರಳಾಡಿಸಿದರು. "ಅವರಿಗಲ್ಲ," ಎಂದರು. "ನನಗೆ."

ಕಲಿಯಲು ಕೂತ ಹೊಸತು. ಹಳೆಯ ಬಾಡಿಗೆ ಮನೆ, ಗೋಡೆಯ ವೈರಿಂಗ್ ದೇವರಿಗೇ ಪ್ರೀತಿ. ಒದ್ದೆ ಕೈಯಲ್ಲೇ ತಂತಿ ಮುಟ್ಟಿದ್ದರು, ಜುಮ್ ಎಂದು ಮೊಣಕೈವರೆಗೂ ಹೊಡೆಯಿತು. ಗಿಟಾರನ್ನು ಅಲ್ಲೇ ಇಟ್ಟು, ಇನ್ನು ಇದರ ಸಹವಾಸ ಬೇಡ ಎಂದು ಎದ್ದುಹೋಗಿದ್ದರು.

"ಮರುದಿನ ಕರೆದ್ರು. 'ಬಾರೇ, ಇನ್ನು ಕಚ್ಚಲ್ಲ' ಅಂದ್ರು. ಏನು ಮಾಡಿದ್ರಿ ಅಂತ ಕೇಳಿದ್ದಕ್ಕೆ, ಬುದ್ಧಿ ಹೇಳಿದ್ದೀನಿ ಅಂದ್ರು." ಅತ್ತೆಯ ಕೈ ತಗಡಿನ ಹತ್ತಿರ ಹೋಗಿ ನಿಂತಿತು. "ಅಂದ್ರೆ ತಂತಿಗೆ ಬರೋದನ್ನ ನಿಲ್ಲಿಸಿ, ಆ ಗೊಂಯ್ ಅಡಗಿಸೋಕೆ ತಮ್ಮ ಬೆರಳಿಟ್ಟರಾ? ಜುಮ್ ಅನ್ನೋ ಜಾಗದಲ್ಲೇ?"

"ಹೂಂ ಅತ್ತೆ. ಗುಬ್ಬಿ ಮುಟ್ಟೋಕೆ ಬಿಡದೆ ಇದ್ದದ್ದೂ ಅದಕ್ಕೇ."

ಅತ್ತೆ ಅತ್ತರು. ಮುಚ್ಚಿಟ್ಟುಕೊಳ್ಳಲಿಲ್ಲ. ಮಗಳು ಪಕ್ಕದಲ್ಲಿ ಬಂದು ಕೂತು ಬೆನ್ನು ಸವರಿದಳು. ತಟ್ಟಪ್ಪ ಮಾಡಲು ಬೇರೇನೂ ತೋಚದೆ ಹೋಗಿ ಫ್ರಿಜ್ಜಿನ ಪ್ಲಗ್ ಹಾಕಿ ಬಂದ.

ಆಮೇಲೆ, ಅಳುಕುತ್ತಲೇ ಕೇಳಿದ. "ಮಾವ ಸುತ್ತಿದ ಟೇಪು ಇದು. ಈ ಮನೆ ಅರ್ತಿಂಗ್ ಸರಿ ಇದೆ, ಸೇರಿಸಿದ್ರೂ ಶಾಕ್ ಹೊಡೆಯಲ್ಲ. ಬಿಚ್ಚಿ ವೈರ್ ಸೇರಿಸಲಾ, ಹೀಗೇ ಬಿಡಲಾ?"

ಅತ್ತೆ ಮೂಗೊರೆಸಿಕೊಂಡರು. "ನಾನು ನುಡಿಸ್ಲಿ ಅಂತ ತಾನೇ ಅವರು ಕತ್ತರಿಸಿದ್ದು? ನುಡಿಸೋಕೆ ಈಗ ಅದು ಬೇಕು ಅಂದ್ರೆ ಸೇರಿಸಿ."

ಸೇರಿಸಿದ. ಈ ಸಲ ತಾನು ನುಡಿಸಿ ನೋಡಲಿಲ್ಲ, ಅತ್ತೆಯ ಕೈಗೇ ಕೊಟ್ಟ. ಗಿಟಾರು ಸದ್ದಿಲ್ಲದೆ ಕಾದು ಕೂತಿತು. ಭಾನುವಾರ ಮಧ್ಯಾಹ್ನವೇ ಹಾಲ್‌ಗೆ ಹೋಗಿ ಪ್ರತಿ ಪ್ಲಗ್ಗಿಗೂ ಮೀಟರ್ ಹಿಡಿದು ಅರ್ತಿಂಗ್ ಪರೀಕ್ಷಿಸಿದ, ಆಂಪ್ಲಿಫೈಯರ್ ಬಿಚ್ಚಿ ನೋಡಿದ, ಮೈಕು ಮುಟ್ಟಿ ನೋಡಿದ. ಕೀಬೋರ್ಡಿನವನು, "ಏನ್ ಸಾರ್, ಸೇತುವೆ ಕಟ್ತಿದ್ದೀರಾ?" ಎಂದು ಕಾಲೆಳೆದ. ತಟ್ಟಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಅತ್ತೆ ವೇದಿಕೆ ಹತ್ತಿ ಕುರ್ಚಿಯ ಮೇಲೆ ಕೂತರು. ವಾಲ್ಯೂಮ್ ಗುಬ್ಬಿಯನ್ನು ತಾವೇ ತಿರುಗಿಸಿದರು. ಒಂದಿಷ್ಟು ಜಾಸ್ತಿಯೇ ತಿರುಗಿಸಿದರು. ನುಡಿಸಲು ಶುರುಮಾಡಿದಾಗ ಮಧ್ಯೆ ಒಂದು ಕಡೆ ತಡವರಿಸಿದರು, ನಕ್ಕರು, ಮತ್ತೆ ಎತ್ತಿಕೊಂಡರು. ಮಾವನ ಟ್ಯೂನು ಹಾಲ್ ತುಂಬಿತು. ಕೀಬೋರ್ಡಿನವನು ಎರಡೂ ಕೈ ತೊಡೆಯ ಮೇಲಿಟ್ಟು ಕೇಳುತ್ತ ಕೂತಿದ್ದ.

ಮುಗಿದ ಮೇಲೆ ಮುದುಕರೊಬ್ಬರು ಬಂದು ತಟ್ಟಪ್ಪನ ಬೆನ್ನು ತಟ್ಟಿ, "ನಿನ್ನ ಕೈಗುಣ ಕಣಯ್ಯಾ" ಎಂದರು. "ನಂದಲ್ಲ," ಎಂದ ಅವನು. ಈ ಸಲ ಮೀಸೆಯೂ ಒಪ್ಪಿತು.

ಗಿಟಾರನ್ನು ತೆಗೆದುಕೊಳ್ಳಲು ವೇದಿಕೆ ಹತ್ತಿದ. ಅತ್ತೆ ಇನ್ನೂ ಕೂತೇ ಇದ್ದರು. ಅವರ ಕಿರುಬೆರಳು ಆ ಸ್ಟೀಲ್ ತಗಡಿನ ಮೇಲಿತ್ತು. ನುಡಿಸುವಾಗಲೂ ಅಲ್ಲೇ ಇತ್ತು ಎಂಬುದು ಅವನಿಗೆ ಆಗ ನೆನಪಾಯಿತು.

"ಅತ್ತೆ, ಈಗ ಅಲ್ಲಿ ಬೆರಳಿಡೋದು ಬೇಕಾಗಿಲ್ಲ," ಎಂದ ಮೆಲ್ಲಗೆ.

"ಗೊತ್ತು ಅಳಿಯಂದ್ರೆ," ಎಂದರು ಅತ್ತೆ. "ಇರಲಿ ಬಿಡಿ."