ಮೊಮ್ಮಗಳ ಪಂದ್ಯಕ್ಕೆ ನಾನು ಅಂಪೈರ್ ಆದದ್ದು

ನನ್ನ ಮೊಮ್ಮಗಳು ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವಳು. ಯಾರು ಸಿಕ್ಕಿದರೂ ನಾನು ಮೊದಲು ಹೇಳುವುದು ಇದನ್ನೇ. ತಿಪಟೂರಿಗೆ ವಾಪಸ್ ಬಂದ ಮೇಲೆ ಹಾಲಿನ ಬೂತಿನವನಿಗೂ ಹೇಳಿದ್ದೇನೆ. "ಕ್ರಿಕೆಟ್ಟಾ ಯಜಮಾನ್ರೇ?" ಅಂತ ಕೇಳಿದ. ಅಲ್ಲಪ್ಪ ಅಂದೆ. ಅವನಿಗೆ ಅಲ್ಲಿಗೇ ಆಸಕ್ತಿ ಹೋಯಿತು, ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. ಹನ್ನೊಂದು ವರ್ಷದ ಹುಡುಗಿ ಸ್ವಾಮಿ. ಎಡಗಾಲನ್ನು ಎದೆಯ ತನಕ ಎತ್ತಿ, ಬಲಗೈ ಬೀಸಿ ಬಿಟ್ಟರೆ ಚೆಂಡು ಹೋಗಿ ಎದುರಿಗೆ ಕೂತು ಹಿಡಿಯುವವಳ ಗ್ಲೌಸಿಗೆ ಬಡಿಯುತ್ತದೆ. ಆ ಸದ್ದು ಕೇಳುವುದಕ್ಕೆ ಪುಣ್ಯ ಮಾಡಿರಬೇಕು.

ನಾನು ಓದಿದ್ದು ನಾಲ್ಕನೇ ಕ್ಲಾಸು. ನಲವತ್ತು ವರ್ಷ ಟೈಲರ್ ಕೆಲಸ ಮಾಡಿದೆ. ಸ್ಕೂಲ್ ಯೂನಿಫಾರಂ, ಲಂಗ, ಮದುವೆ ಗಂಡಿನ ಸೂಟು, ಯಾವುದಕ್ಕೂ ಇಲ್ಲ ಅಂದವನಲ್ಲ. ಕೊರೋನಾ ಬರುವುದಕ್ಕೆ ಸ್ವಲ್ಪ ಮುಂಚೆ ನಾನೂ ನಮ್ಮ ಮನೆಯವಳೂ ನೆದರ್ಲೆಂಡಿನ ವೆಲ್ಡ್‌ಹೋವನ್‌ಗೆ ಮಗಳ ಮನೆಗೆ ಹೋದೆವು. ಮೂರು ತಿಂಗಳಿಗೆ ಅಂತ ಹೋದವರು ವಿಮಾನ ನಿಂತು ಒಂದೂವರೆ ವರ್ಷ ಅಲ್ಲೇ ಉಳಿದೆವು. ಮಗಳು ಕಂಪ್ಯೂಟರಿನ ಚಿಪ್ಪು ಮಾಡುವ ಮೆಷಿನ್ನಿನ ಕಂಪನಿಯಲ್ಲಿ ಇಂಜಿನಿಯರು. ಅವಳದು ಮಹಡಿ ಮೇಲೆ ಒಂದು ಕಂಪ್ಯೂಟರು, ಅಳಿಯನದು ಪಕ್ಕದ ರೂಮಿನಲ್ಲಿ ಇನ್ನೊಂದು, ಮೊಮ್ಮಗಳ ಸ್ಕೂಲು ಊಟದ ಮೇಜಿನ ಮೇಲೆ. ನಾನು ಅಳಿಯನ ಹಳೇ ಶರ್ಟುಗಳನ್ನು ಬಿಚ್ಚಿ ಮಾಸ್ಕ್ ಹೊಲಿದೆ. ಶರ್ಟು ಮುಗಿದವು, ಕೊರೋನಾ ಮುಗಿಯಲಿಲ್ಲ.

ಅಳಿಯ ಅಮೆರಿಕದಲ್ಲಿ ಓದಿ ಬಂದವನು, ಅಲ್ಲಿಯ ಆಟಗಳೆಲ್ಲ ಅವನ ಟಿವಿಯಲ್ಲಿ ಬರುತ್ತವೆ. ಸಾಯಂಕಾಲ ನಾಲ್ಕಕ್ಕೆ ಮೊಮ್ಮಗಳು ಪುಸ್ತಕ ಮುಚ್ಚಿ ನನ್ನ ಪಕ್ಕ ಕೂರುತ್ತಿದ್ದಳು. ಹಿಂದಿನ ದಿನದ ಬೇಸ್‌ಬಾಲ್ ಹಾಕಿ ನನಗೆ ಪಾಠ ಮಾಡುತ್ತಿದ್ದಳು. ನೆಲದಲ್ಲಿ ಒಂದು ಬಿಳಿ ಹಲಗೆ. ಚೆಂಡು ಅದರ ಮೇಲೆ, ದಾಂಡು ಹಿಡಿದವನ ಮಂಡಿಗೂ ಎದೆಗೂ ಮಧ್ಯೆ ಹೋದರೆ ಸ್ಟ್ರೈಕು, ಆಚೀಚೆ ಹೋದರೆ ಬಾಲು. ಮೂರು ಸ್ಟ್ರೈಕಾದರೆ ಅವನು ಔಟು. ನಾಲ್ಕು ಬಾಲಾದರೆ ಪುಕ್ಕಟೆಯಾಗಿ ಮೊದಲನೇ ಗೂಟಕ್ಕೆ, ಅವರು ಬೇಸ್ ಅನ್ನುವುದಕ್ಕೆ, ನಡೆದು ಹೋಗಬಹುದು.

"ಉದ್ದ ಇರೋರಿಗೂ ಕುಳ್ಳಗಿರೋರಿಗೂ ಒಂದೇ ಅಳತೇನಾ?" ಅಂದೆ.

"ಇಲ್ಲ ತಾತ, ಒಬ್ಬೊಬ್ಬರಿಗೂ ಬೇರೆ."

"ಹಂಗಾದ್ರೆ ಇದು ನಮ್ಮ ಕಸುಬೇ ಅಲ್ವೇನೇ!"

ನಿಂತ ಮನುಷ್ಯನ ಮಂಡಿ ಎಲ್ಲಿ, ಎದೆ ಎಲ್ಲಿ ಅಂತ ಟೇಪು ಹಿಡಿಯದೆ ಹೇಳುವವನು ನಾನು. ಟಿವಿಯಲ್ಲಿ ಅದಕ್ಕೊಂದು ಚೌಕ ಬೇರೆ ಬರೆದು ತೋರಿಸುತ್ತಾರೆ. ಚೆಂಡು ಚೌಕದೊಳಗೆ ಬಿದ್ದರೂ ಅಂಪೈರು ಸುಮ್ಮನೆ ನಿಂತರೆ ನನಗೆ ರೇಗುತ್ತಿತ್ತು. "ಕಣ್ಣಿಗೇನು ಬಂತೋ ನಿಂಗೆ? ಎಷ್ಟು ಕೊಟ್ಟವ್ರೆ?" ಅಂತ ಕೂಗುತ್ತಿದ್ದೆ.

ನಮ್ಮ ಮನೆಯವಳು ಅಡಿಗೆಮನೆಯಿಂದ, "ರೀ, ಅವನಿಗೆ ಕೇಳ್ಸಲ್ಲ. ಪಕ್ಕದ ಮನೆಯೋರಿಗೆ ಕೇಳ್ಸುತ್ತೆ" ಅನ್ನುವಳು.

ಚಳಿ ಶುರುವಾದಾಗ ಅಳಿಯ ತನ್ನ ಕಾಲೇಜಿನ ಫುಟ್‌ಬಾಲ್ ಹಾಕಿದ. ಹೆಸರು ಫುಟ್‌ಬಾಲು, ಕೈಯಲ್ಲಿ ಹಿಡಿದು ಓಡುತ್ತಾರೆ. ವರ್ಷದ ಕೊನೆಗೆ ಅಲ್ಲಿಯ ಎಲ್ಲ ಕಾಲೇಜು ಹುಡುಗರಲ್ಲಿ ಒಬ್ಬನನ್ನು ಆರಿಸಿ ದೊಡ್ಡ ಬಹುಮಾನ ಕೊಡುತ್ತಾರಂತೆ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಎಸೆಯುವವನಿಗೇ ಅಂತೆ. ಅವನ ಮುಂದೆ ಗೋಡೆಯ ಹಾಗೆ ನಿಂತು ಗುದ್ದು ತಿನ್ನುವ ಐದು ದಪ್ಪ ಹುಡುಗರಿದ್ದಾರಲ್ಲ, ಅವರಿಗೆ? ಅವರನ್ನು ಕೇಳುವವರಿಲ್ಲ. ನನಗೆ ಇದು ಸರಿಬರಲಿಲ್ಲ. ಕಾಲರ್ ಎಷ್ಟು ನೆಟ್ಟಗೆ ನಿಂತಿದೆ ಅಂತ ಎಲ್ಲರೂ ಹೊಗಳುತ್ತಾರೆ, ಅದರೊಳಗೆ ಬಕ್ರಂ ಅನ್ನುವ ಗಡಸು ಬಟ್ಟೆ ಇದೆ ಅಂತ ಯಾರಿಗೆ ಗೊತ್ತು? ಆ ಚಳಿಗಾಲದಲ್ಲಿ ಚೆಂಡು ಹಿಡಿಯುವವನೊಬ್ಬನಿಗೆ ಬಹುಮಾನ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ತಾತ, ಇವನು ಕ್ಯಾಚ್ ಮಾಡೋನು. ನಿಮ್ಮ ಗೋಡೆಯವರಿಗೆ ಇನ್ನೂ ಬಂದಿಲ್ಲ," ಅಂದಳು ಮೊಮ್ಮಗಳು.

"ಬರ್ಲಿ ಬಿಡು, ಒಂದು ಹೆಜ್ಜೆ ಹತ್ರ ಬಂತಲ್ಲ."

ವಸಂತ ಬಂದ ಮೇಲೆ ಮಕ್ಕಳಿಗೆ ಅವರವರ ಕ್ಲಬ್ಬಿನೊಳಗೆ ಆಡಲು ಬಿಟ್ಟರು. ಬೇರೆ ಊರಿನ ಟೀಮು ಬರುವ ಹಾಗಿಲ್ಲ, ನೋಡುವುದಕ್ಕೂ ಯಾರೂ ಬರುವ ಹಾಗಿಲ್ಲ. ಅಪ್ಪ ಅಮ್ಮಂದಿರು ಗೇಟಿನಲ್ಲಿ ಬಿಟ್ಟು ಹೋಗಬೇಕು, ಮುಗಿಯುವ ಹೊತ್ತಿಗೆ ಬಂದು ಅಲ್ಲಿಂದಲೇ ಕರೆದುಕೊಂಡು ಹೋಗಬೇಕು. ಮೊಮ್ಮಗಳು ಮನೆಯ ಗೋಡೆಗೆ ಬಡಿಬಡಿದು ಕಲಿತ ಎಸೆತವನ್ನು ಮೈದಾನದಲ್ಲಿ ನೋಡುವ ಭಾಗ್ಯ ನನಗಿಲ್ಲ ಅಂತ ಎರಡು ವಾರ ಕೊರಗಿದೆ. ಮೂರನೇ ವಾರ ಅವಳು ಸೈಕಲ್ಲನ್ನು ಬಾಗಿಲಿಗೆ ಒರಗಿಸಿ ಕೂಗಿಕೊಂಡು ಬಂದಳು.

"ತಾತಾ! ಅಂಪೈರ್ ಬೇಕಂತೆ. ಯಾರೂ ಸಿಗ್ತಿಲ್ವಂತೆ. ಹೆಲ್ಪ್ ಮಾಡೋರು ಒಳಗೆ ಬರಬಹುದಂತೆ. ನಮ್ಮ ತಾತ ಬರ್ತಾರೆ ಅಂದುಬಿಟ್ಟೆ!"

"ನಂಗೆ ಡಚ್ ಎಲ್ಲಿ ಬರುತ್ತೆ ಕಂದಾ?"

"ಎರಡೇ ವರ್ಡು ತಾತ. ಸ್ಟ್ರೈಕಿಗೆ ಸ್ಲಾಖ್. ಬಾಲಿಗೆ ವೆಯ್ಟ್. ಅಷ್ಟೇ."

ನಮ್ಮ ಮನೆಯವಳು ನಕ್ಕಳು. "ಹೋಗಿ ಹೋಗಿ. ಇಷ್ಟು ದಿನ ಬೈದಿದ್ದೀರಲ್ಲ, ಈಗ ಬೈಸ್ಕೊಂಡು ಬನ್ನಿ."

ಶನಿವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಅಂಪೈರು ನಿಲ್ಲಬೇಕಾದ್ದು ಚೆಂಡು ಹಿಡಿಯುವವಳ ಬೆನ್ನ ಹಿಂದೆ. ಆದರೆ ಒಂದೂವರೆ ಮೀಟರ್ ದೂರ ಇರಬೇಕು ಅನ್ನುವ ಕಾಲ ಅದು, ನನ್ನ ವಯಸ್ಸು ಬೇರೆ. ಕೋಚು ನನ್ನನ್ನು ಎಸೆಯುವವರ ಹಿಂದೆ ನಿಲ್ಲಿಸಿದರು. ನೀಲಿ ಅಂಗಿಯವರು ಒಂದು ಕಡೆ, ಕಿತ್ತಳೆ ಅಂಗಿಯವರು ಒಂದು ಕಡೆ, ಎಲ್ಲ ಒಂದೇ ಕ್ಲಬ್ಬಿನ ಮಕ್ಕಳು. ನನ್ನವಳು ನೀಲಿ. ಅವಳ ಜಡೆ ನನ್ನ ಮುಂದೆಯೇ ಕುಣಿಯುತ್ತಿತ್ತು. ಎಸೆದಳು. ಗ್ಲೌಸಿಗೆ ಆ ಸದ್ದು ಬಿತ್ತು. ನಾನು "ಸ್ಲಾಖ್!" ಅಂದೆ. ಆಮೇಲೆ ಕಣ್ಣು ಒರೆಸಿಕೊಂಡೆ. ಗಾಳಿಗೆ ಅಂತ ತಿಳಿದಿರಬೇಕು ನೋಡಿದವರು.

ಒಂದೂವರೆ ಗಂಟೆ ಎಲ್ಲ ಸರಿಯಾಗಿ ನಡೆಯಿತು. ಮಕ್ಕಳು ನನ್ನನ್ನು ಓಪಾ, ಅಂದರೆ ತಾತ, ಅಂತ ಕರೆಯುತ್ತಿದ್ದರು. ಕೊನೆಗೆ ಎರಡೂ ಕಡೆ ಪಾಯಿಂಟು ಸಮ. ಕಿತ್ತಳೆಯವರ ಕೊನೇ ಸರದಿ, ಮೂರು ಗೂಟದಲ್ಲೂ ಅವರ ಮಕ್ಕಳು ನಿಂತಿದ್ದಾರೆ. ಮುಂದೆ ಒಬ್ಬಳು ಪುಟ್ಟ ಹುಡುಗಿ ದಾಂಡು ಹಿಡಿದಿದ್ದಾಳೆ. ಎರಡು ಸ್ಟ್ರೈಕು ಆಗಿವೆ, ಮೂರು ಬಾಲು ಆಗಿವೆ. ಅವರಲ್ಲಿ ಇಬ್ಬರು ಆಗಲೇ ಔಟು, ಇವಳೂ ಔಟಾದರೆ ಸರದಿ ಮುಗಿಯುತ್ತದೆ. ಇನ್ನೊಂದು ಸ್ಟ್ರೈಕು ಬಿದ್ದರೆ ಪಂದ್ಯ ಸಮ. ಬಾಲಾದರೆ ಎಲ್ಲರೂ ಒಂದೊಂದು ಗೂಟ ಮುಂದೆ ಸರಿದು, ಕೊನೇ ಗೂಟದವರು ಹಲಗೆ ಮುಟ್ಟಿ ಪಾಯಿಂಟು ಬಂದು ಕಿತ್ತಳೆಯವರು ಗೆಲ್ಲುತ್ತಾರೆ. ಅಷ್ಟರಲ್ಲಿ ಗೇಟಿನ ಹತ್ತಿರ ಅಪ್ಪ ಅಮ್ಮಂದಿರು ಸೈಕಲ್ ಹಿಡಿದು ಬಂದು ನಿಂತರು.

ಮೊಮ್ಮಗಳು ಎಸೆದಳು. ಹುಡುಗಿ ದಾಂಡು ಬೀಸಲಿಲ್ಲ. ಚೆಂಡು ಹಲಗೆಯ ಅಂಚಿನ ಮೇಲೆ, ಆ ಹುಡುಗಿಯ ಮಂಡಿಚಿಪ್ಪಿಗೆ ಸರಿಯಾಗಿ ಹೋಯಿತು. ನಾನು ಕಂಡೆ. ನಲವತ್ತು ವರ್ಷ ಅಳತೆ ತೆಗೆದ ಕಣ್ಣು, ಸುಳ್ಳು ಹೇಳುವುದಿಲ್ಲ. ಬಾಯಿಗೆ ಬಂದದ್ದು ಸ್ಲಾಖ್. ಆದರೆ ಗೇಟಿನಲ್ಲಿ ಅಷ್ಟು ಜನ. ಎಸೆದವಳು ಕರಿ ಜಡೆಯವಳು, ಅಂಪೈರು ಅವಳ ತಾತ. ನೋಡಿ ಏನಂದಾರು? ನಾನು "ವೆಯ್ಟ್" ಅಂದೆ.

ಕಿತ್ತಳೆ ಮಕ್ಕಳು ಕುಣಿದರು. ನನ್ನವಳು ತಿರುಗಿ ನನ್ನ ಮುಖ ನೋಡಿದಳು.

ಪಂದ್ಯದ ಕೊನೆಗೆ ಅಂಪೈರು ಚೆನ್ನಾಗಿ ಆಡಿದ ಒಬ್ಬರಿಗೆ ದಿನದ ಚೆಂಡು ಅಂತ ಬಹುಮಾನ ಕೊಡುವುದು ಆ ಕ್ಲಬ್ಬಿನ ಪದ್ಧತಿ. ಆವತ್ತು ಎಲ್ಲರಿಗಿಂತ ಚೆನ್ನಾಗಿ ಎಸೆದವಳು ನನ್ನ ಮೊಮ್ಮಗಳೇ. ನಾನು ಅದನ್ನು ಅವಳ ಚೆಂಡು ಹಿಡಿಯುತ್ತಿದ್ದ ದುಂಡುಮುಖದ ಹುಡುಗಿಗೆ ಕೊಟ್ಟೆ. ಅಷ್ಟು ಹೊತ್ತೂ ಕುಕ್ಕರಗಾಲಿನಲ್ಲಿ ಕೂತು, ಮೊಣಕಾಲಿಗೆ ಪೆಟ್ಟು ತಿಂದು, ಒಂದು ಚೆಂಡನ್ನೂ ಹಿಂದೆ ಬಿಡದ ಮಗು. ಅವಳಿಗೆ ನಂಬಿಕೆಯೇ ಬರಲಿಲ್ಲ, ಎರಡು ಸಲ ಕೇಳಿದಳು.

ದಾರಿಯುದ್ದಕ್ಕೂ ಮೊಮ್ಮಗಳು ಸೈಕಲ್ ತಳ್ಳಿಕೊಂಡು ನನ್ನ ಪಕ್ಕದಲ್ಲೇ ನಡೆದಳು. ಬೇರೆ ದಿನ ಬಾತುಕೋಳಿ ಕಂಡರೂ ತೋರಿಸುವವಳು ಆವತ್ತು ಸೈಕಲ್ಲಿನ ಚಕ್ರವನ್ನೇ ನೋಡುತ್ತಿದ್ದಳು. ಮನೆಗೆ ಬಂದು ರೂಮು ಸೇರಿದಳು.

ನನಗೆ ಒಳಗೊಳಗೇ ಹೆಮ್ಮೆ. ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. "ನೋಡಮ್ಮ, ಮೊಮ್ಮಗಳು ಅಂತ ನಾನು ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡಲಿಲ್ಲ. ಸ್ಟ್ರೈಕಿದ್ರೂ ಬಾಲ್ ಅಂದೆ. ಯಾರೂ ಬೆರಳು ತೋರಿಸೋ ಹಾಗಿಲ್ಲ."

ಮಗಳು ಸೌಟು ಕೆಳಗಿಟ್ಟಳು. "ಅಪ್ಪಾ, ಗೌರಿ ಹಬ್ಬದ ದಿನ ನನ್ನ ಲಂಗ ಯಾವತ್ತಾದ್ರೂ ಬೆಳಿಗ್ಗೆ ರೆಡಿ ಇತ್ತಾ?"

"ಅದ್ಯಾಕೀಗ? ಗಿರಾಕಿಗಳದ್ದು ಮೊದಲು ಆಗ್ಬೇಕಲ್ವಾ? ಮಗಳದ್ದು ಮೊದಲು ಹೊಲ್ಕೊಂಡ ಅಂತ ಯಾರೂ ಅನ್ನಬಾರದಲ್ಲ."

"ಊರಿನ ಹುಡುಗೀರೆಲ್ಲ ನೀವು ಹೊಲಿದಿದ್ದು ಹಾಕ್ಕೊಂಡು ಬರೋರು. ನಾನು ಲಂಗದ ಅಂಚು ಮಡಿಚಿ ಪಿನ್ನು ಚುಚ್ಕೊಂಡು ಹೋಗ್ತಿದ್ದೆ. ಅಂಚಿಗೆ ಹೊಲಿಗೆ ಬೀಳ್ತಿದ್ದಿದ್ದು ಹಬ್ಬ ಆದ್ಮೇಲೆ. ನಾನೂ ಸರದಿಯಲ್ಲೇ ಬಟ್ಟೆ ಕೊಟ್ಟಿರ್ತಿದ್ದೆ ಅಪ್ಪಾ."

"ನನ್ನ ಬ್ಲೌಸಿನ ಕಥೆ ಯಾರೂ ಕೇಳ್ಬೇಡಿ," ಅಂದಳು ನಮ್ಮ ಮನೆಯವಳು.

ಅಳಿಯ ತಲೆ ತಗ್ಗಿಸಿ ನಗು ತಡೆದುಕೊಂಡ. ಇಷ್ಟು ವರ್ಷ ನ್ಯಾಯ ಅಂತ ನಾನು ಎದೆ ಉಬ್ಬಿಸಿಕೊಂಡು ಓಡಾಡಿದ್ದಕ್ಕೆ ಈ ಮಗು ಪಿನ್ನು ಚುಚ್ಚಿಕೊಂಡಿತ್ತೇ? ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಕೈ ತೊಳೆದು ಮೊಮ್ಮಗಳ ರೂಮಿಗೆ ಹೋದೆ. ಗ್ಲೌಸಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು.

"ಅದು ಸ್ಟ್ರೈಕ್ ಕಣೇ," ಅಂದೆ.

"ನಂಗೊತ್ತು."

"ದಿನದ ಚೆಂಡೂ ನಿಂಗೆ ಕೊಡ್ಲಿಲ್ಲ ಅಂತ ಬೇಜಾರಾ?"

"ಇಲ್ಲ ತಾತ. ಅದು ನಿಮ್ಮ ಒಪೀನಿಯನ್. ಅವಳು ಸೂಪರ್ ಆಗಿ ಆಡಿದ್ಲು, ನಾನಾಗಿದ್ರೂ ಅವಳಿಗೇ ಕೊಡ್ತಿದ್ದೆ. ಆದ್ರೆ ಸ್ಟ್ರೈಕು ಒಪೀನಿಯನ್ ಅಲ್ಲ." ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ಬೇರೆಯವರು ಯಾರಾದ್ರೂ ಎಸೆದಿದ್ರೆ ಏನಂತಿದ್ರಿ?"

"ಸ್ಲಾಖ್ ಅಂತಿದ್ದೆ."

"ಮತ್ತೆ ನಾನು ಎಸೆಯುವಾಗ ನೀವು ಬರ್ಬೇಡಿ. ನಂಗೆ ಹೆಂಗೆ ಗೊತ್ತಾಗುತ್ತೆ, ನಾನು ಚೆನ್ನಾಗಿ ಹಾಕಿದ್ನಾ ಇಲ್ವಾ ಅಂತ?"

ಇದು ನನ್ನನ್ನು ತಿಂದುಬಿಟ್ಟಿತು. ಟಿವಿ ಮುಂದೆ ಕೂತು ನಾನು ಬೈದ ಅಂಪೈರುಗಳೆಲ್ಲ ನೆನಪಾದರು. ಅವರಿಗೆ ಕಂಡಿರಲಿಲ್ಲ, ಪಾಪ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಚೆಂಡು ಹೋಗಿರುತ್ತದೆ. ನನಗೆ ಕಂಡಿತ್ತು. ಕಾಣದೆ ತಪ್ಪು ಹೇಳುವವನಿಗೂ, ಕಂಡು ತಪ್ಪು ಹೇಳಿ ಅದನ್ನೇ ದೊಡ್ಡಸ್ತಿಕೆ ಅಂದುಕೊಳ್ಳುವವನಿಗೂ ಎಷ್ಟು ದೂರ! ಪಕ್ಷಪಾತ ಅಂದರೆ ನಮ್ಮವರ ಕಡೆ ವಾಲುವುದು ಅಂತಲೇ ನಾನು ತಿಳಿದಿದ್ದೆ. ನಮ್ಮವರನ್ನು ದೂರ ತಳ್ಳುವುದೂ ಅದೇ ಜಾತಿಯದು ಅಂತ ತಿಳಿಯಲು ಅರವತ್ತೆಂಟು ವರ್ಷ ಬೇಕಾಯಿತು, ಅದೂ ಹನ್ನೊಂದು ವರ್ಷದವಳ ಬಾಯಿಂದ.

"ಬುಧವಾರ ಪ್ರಾಕ್ಟೀಸಿಗೆ ನಾನೂ ಬರ್ತೀನಿ. ಕೋಚ್‌ಗೆ ಹೇಳ್ತೀನಿ," ಅಂದೆ.

"ಎಲ್ಲರ ಮುಂದೆ?"

"ಎಲ್ಲರ ಮುಂದೇನೇ."

ಬುಧವಾರ ಗೇಟಿನ ಹೊರಗೆ ನಿಂತೆ. ಕೋಚು ಬಂದರು, ಮಕ್ಕಳೂ ದೂರ ದೂರ ನಿಂತರು. ನಾನು ಕನ್ನಡದಲ್ಲಿ ಎರಡೇ ಮಾತು ಹೇಳಿದೆ. "ಕೊನೇ ಚೆಂಡು ಸ್ಟ್ರೈಕ್ ಆಗಿತ್ತು. ಮೊಮ್ಮಗಳು ಅಂತ ಹೆದರಿ ತಪ್ಪು ಹೇಳಿದೆ." ಮೊಮ್ಮಗಳು ಅದನ್ನು ಡಚ್ಚಿನಲ್ಲಿ ಹೇಳಿದಳು. ನನ್ನ ಎರಡು ಮಾತಿಗೆ ಅವಳದು ಆರೇಳು ಆಯಿತು. ದಾಂಡು ಹಿಡಿದಿದ್ದ ಆ ಪುಟ್ಟ ಹುಡುಗಿ ಏನೋ ಅಂದಳು, ಎಲ್ಲರೂ ನಕ್ಕರು. ತನಗೂ ಸ್ಟ್ರೈಕ್ ಅಂತಲೇ ಅನಿಸಿತ್ತು, ಆದರೆ ಓಪಾ ಹೋಗು ಅಂದಮೇಲೆ ಹೋಗದೆ ಏನು ಮಾಡಲಿ ಅಂದಳಂತೆ. ಪಂದ್ಯ ಮುಗಿದದ್ದು ಮುಗಿಯಿತು, ಪಾಯಿಂಟು ಬದಲಾಗುವುದಿಲ್ಲ ಅಂದರು ಕೋಚು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಏನೋ ಕೇಳಿದರು. ಅವಳು ತಲೆ ಆಡಿಸಿದಳು.

"ಏನಂತೆ?"

"ಶನಿವಾರ ತಾತನ್ನ ಕರೆಯೋಣ್ವಾ ಅಂದ್ರು. ಹೂಂ ಅಂದೆ."

"ಅಷ್ಟುದ್ದ ಏನ್ ಹೇಳ್ತಿದ್ದೆ ಅವಾಗ?"

"ನಮ್ಮ ತಾತ ಟೈಲರ್, ಅಳತೆ ಅವರಿಗೆ ಚೆನ್ನಾಗಿ ಗೊತ್ತು, ಇನ್ನೊಂದು ಸಲ ಹಿಂಗ್ ಮಾಡಲ್ಲ ಅಂದೆ."

ಗೇಟನ್ನು ಹಿಡಿದುಕೊಂಡು ನಿಂತುಬಿಟ್ಟೆ. ನನ್ನ ಪರವಾಗಿ ಮಾತು ಕೊಟ್ಟಿದ್ದಾಳೆ ಹುಡುಗಿ!

ಶನಿವಾರ ಹೊರಡುವಾಗ ನಮ್ಮ ಮನೆಯವಳು, "ಮಾಸ್ಕು ಬಾಯಿಗೆ ಹಾಕ್ಕೊಳ್ಳಿ, ಕಣ್ಣಿಗಲ್ಲ" ಅಂದಳು. ಮೈದಾನಕ್ಕೆ ಇಳಿದು ಹಲಗೆಯನ್ನು ಕಣ್ಣಲ್ಲೇ ಎರಡು ಸಲ ಅಳೆದುಕೊಂಡೆ, ಮೊದಲ ಸಲ ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅಳೆದ ಹಾಗೆ. ಅವಳು ಮೊದಲನೆಯದು ಎಸೆದಳು. ಸ್ಲಾಖ್. ಎರಡನೆಯದೂ ಸ್ಲಾಖ್, ಮೈದಾನದ ಆಚೆ ತುದಿಗೆ ಕೇಳುವ ಹಾಗೆ ಕೂಗಿದೆ. ಮೂರನೆಯದು ಅದೇ ಎತ್ತರಕ್ಕೆ, ಅದೇ ಜೋರಿನಲ್ಲಿ ಹೋಯಿತು, ಆದರೆ ಹಲಗೆಯನ್ನು ಸ್ವಲ್ಪ ಬಿಟ್ಟು. ಅವಳ ಟೀಮಿನವರೆಲ್ಲ ಆಗಲೇ ಕೈ ಎತ್ತಿದ್ದರು. ನಾನು "ವೆಯ್ಟ್" ಅಂದೆ. ಅವರು ಗೊಣಗಿದರು. ಅವಳು ಹಿಂದಕ್ಕೆ ತಿರುಗಿ ನೋಡಲೇ ಇಲ್ಲ. ಗ್ಲೌಸ್ ಮುಂದೆ ಚಾಚಿ ಚೆಂಡು ಕೇಳಿದಳು.

ಮುಗಿದ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಾ ಕೇಳಿದಳು. "ತಾತ, ಆ ಮೂರನೇದು ಎಷ್ಟು ಹೊರಗಿತ್ತು?"

"ಒಂದು ಬೆರಳು."

"ಎರಡು," ಅಂದಳು.